ಮತ್ತಿನ ಡಾಕ್ಟರು ಬಾರದ ಮಂಗಳವಾರ

ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರೇ,

ಮತ್ತಿನ ಸೂಜಿ ಕೊಡದೆ ನಿಮ್ಮ ದವಾಖಾನೆಯಲ್ಲಿ ನನ್ನ ಮಗಳ ಗರ್ಭಕೋಶದ ಒಳಪದರ ಕೆರೆದು ಪರೀಕ್ಷೆಗೆ ತೆಗೆದರು. ಹದಿನೈದು ದಿನವಾಯಿತು. ಸಿಟ್ಟು ಬರಲೆಂದು ಕಾದೆ, ಬರಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಮಗಳು ಶಿವಬಸಮ್ಮಳಿಗೆ ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಅಳಿಯ ಲಾರಿಯ ಮೇಲೆ ಸೊಲ್ಲಾಪುರಕ್ಕೆ ಹೋಗಿದ್ದ, ಹಾಗಾಗಿ ನಾನೇ ಕರೆದೊಯ್ದೆ. ಬಾಗಿಲಲ್ಲಿ ಆಯಾ ಮೆಹಬೂಬಬೀ ಒಪ್ಪಿಗೆಯ ಕಾಗದ ಹಿಡಿದು ನಿಂತಿದ್ದಳು.

"ಮತ್ತಿನ ಡಾಕ್ಟರು ಗುರುವಾರ ಬರ್ತಾರ್ರಿ, ಆಪರೇಷನ್ ಕ್ಯಾಂಪಿಗೆ. ಕಾಯ್ತೀರೇನು, ಇವತ್ತ ಹಂಗಽ ಮಾಡಿಸ್ತೀರೇನು?"

"ಹಂಗಽ ಆಗಲಿ ಬಿಡವಾ. ನನ್ನ ಮಗಳು ಗಟ್ಟಿ ಅದಾಳ," ಅಂದೆ.

ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಸಹಿ ಹಾಕಿದೆ. ರೋಗಿಯ ಸಹಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಅರ್ಧ ತಾಸಿನ ಮೇಲೆ ಮೆಹಬೂಬಬೀ ಹೊರಬಂದಳು. "ಉಳಿದೋರು ಚೀರಿ ಊರು ಕೂಡಿಸ್ತಾರ್ರಿ ಯಜಮಾನರ. ಈಕಿ ಸೆರಗು ಬಾಯಾಗ ತುರುಕ್ಕೊಂಡು ಸುಮ್ಮನ ಮಲಗಿದ್ಳು." ನನಗೆ ಹೆಮ್ಮೆಯಾಯಿತು ಎಂದರೆ ನಂಬುತ್ತೀರಾ? ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮಗಳು ಕಂಬಿ ಹಿಡಿದು ನಿಂತೇ ಬಂದಳು.

ಮಕ್ಕಳು ಸಾಕೆಂದವರಿಗಾಗಿ ಮತ್ತಿನ ಡಾಕ್ಟರನ್ನು ಜೀಪಿನಲ್ಲಿ ಕರೆತರುತ್ತೀರಿ. ಸಂತೋಷ, ಅವರಿಗೂ ನೋಯಬಾರದು. ಆದರೆ ಮಗು ಬೇಕೆಂದು ಬಂದವಳಿಗೆ ಒಂದು ಸೂಜಿ ದುಬಾರಿಯಾಯಿತೇ? ಸಂತಾನಹರಣ ಶಿಬಿರಕ್ಕಾದರೆ ಮೇಲಿನಿಂದ ಗುರಿ ಬರುತ್ತದೆ. ನನ್ನ ಮಗಳು ಯಾವ ಗುರಿಯಲ್ಲೂ ಇಲ್ಲ. ತಕರಾರು ಹೇಳಲು ಹೋದಾಗ ನಿಮ್ಮ ಡಾಕ್ಟರು ರಿಜಿಸ್ಟರು ತೋರಿಸಿದರು. "ರೋಗಿ ಸಹಕರಿಸಿದರು" ಎಂದಿತ್ತು.

"ಆಕಿ ಕೂಗೇ ಇಲ್ಲಲ್ರಿ. ಸಹಿನೂ ನಿಮ್ದಽ ಐತಿ."

ರಿಜಿಸ್ಟರು ಮುಚ್ಚಿಕೊಟ್ಟು ಅಂಗಡಿಗೆ ಮರಳಿದೆ. ಹೆಣ್ಣುಮಕ್ಕಳು ಹೆರಿಗೆಯಲ್ಲೂ ಕೂಗಬಾರದು ಎಂದು ಕಲಿಸಿದವರು ನಮ್ಮ ಮನೆಯವರೇ. ನೀವು ಅದನ್ನು ಔಷಧಿ ಉಳಿಸಲು ಬಳಸಿಕೊಂಡಿರಿ, ಅಷ್ಟೇ.

ಬರುವ ಮಂಗಳವಾರ ಮತ್ತೊಂದು ಪರೀಕ್ಷೆ ಇದೆ. ಹೋಗದಿದ್ದರೆ ಅಳಿಯನಿಗೆ ಇನ್ನೊಂದು ಹೆಣ್ಣು ನೋಡುತ್ತೇವೆ ಎಂದು ಬೀಗರು ಹೇಳಿಕಳಿಸಿದ್ದಾರೆ. ಮಗಳು ಬರುವುದಿಲ್ಲ ಎನ್ನುತ್ತಿದ್ದಾಳೆ. ನಿನ್ನೆ ಮೊದಲ ಸಲ ಕೇಳಿದೆ:

"ಭಾಳ ಬ್ಯಾನಿ ಆಗಿತ್ತೇನವಾ?"

"ಹೊರಗ ನೀ ಯಾರ ಜೋಡಿನೋ ಶೇಂಗಾದ ಧಾರಣಿ ಮಾತಾಡ್ತಿದ್ದಿ. ಪ್ರತಿಯೊಂದು ಮಾತೂ ಕೇಳಸ್ತಿತ್ತಪ್ಪಾ," ಅಂದಳು.

ಸಾಹೇಬರೇ, ಮಂಗಳವಾರ ಮತ್ತಿನ ಡಾಕ್ಟರನ್ನು ಕಳಿಸಿ. ಆ ಕಾಗದದಲ್ಲಿ ಅವಳಿಗೊಂದು ಸಾಲು ಬಿಡಿಸಿ. ಸೂಜಿ ಬೇಕೋ ಬೇಡವೋ, ಕಾಯುತ್ತಾಳೋ ಇಲ್ಲವೋ, ಪರೀಕ್ಷೆಯೇ ಬೇಡವೋ, ಅವಳನ್ನೇ ಕೇಳಲಿ. ನಡುವೆ ನಾನು ಬಾಯಿ ಹಾಕಿದರೆ ನನ್ನನ್ನು ಗೇಟಿನ ಹೊರಗೆ ಕಳಿಸಲು ನಿಮ್ಮ ಸಿಬ್ಬಂದಿಗೆ ಈ ಮೂಲಕ ಒಪ್ಪಿಗೆ ಕೊಡುತ್ತಿದ್ದೇನೆ.

ಇಂತಿ,
ಇನ್ನೊಬ್ಬರ ಮೈಗೆ ಸಹಿ ಹಾಕಿದ
ಅಮರಪ್ಪ, ಕಿರಾಣಿ ಅಂಗಡಿ,
ಮಂಗಳೂರು ಗ್ರಾಮ, ಯಲಬುರ್ಗಾ ತಾಲ್ಲೂಕು, ೧೯೮೪