ಪಾಟಿಯ ಮೇಲೆ ಗಂಡನ ಹೆಸರು

ನಾರಾಯಣಪೇಟೆ, ೧೨-೨-೧೯೫೦

ಅಕ್ಕನಿಗೆ ತಂಗಿಯ ಶರಣು. ನಾನು ಆರಾಮ, ಕೆಮ್ಮು ನಿಂತಿದೆ.

ಮನೆಯಲ್ಲಿ ತೆಲುಗು, ಬಜಾರಿನಲ್ಲಿ ಕನ್ನಡ ಆಡುವ ಇಲ್ಲಿನ ನೇಕಾರ ಹೆಂಗಸರು, ತರಬೇತಿಯಲ್ಲಿ ಹೇಳಿಕೊಟ್ಟಂತೆ ನಾನು ರಾತ್ರಿ ಶಾಲೆಯಲ್ಲಿ ಅ, ಆ ತಿದ್ದಿಸಿದರೆ ಆಕಳಿಸುತ್ತಿದ್ದರು. ನಿನ್ನೆ ನಿಜಾಮನ ಕಾಲದ ಉರ್ದುವಿನದು ಹೋಗಿ ಕನ್ನಡದ ಹಾಜರಿ ಪುಸ್ತಕ ಬಂತು. ಅದಕ್ಕೆ ಗಂಡಂದಿರ ಹೆಸರು ಕೇಳಿದರೆ ಎಲ್ಲರ ಬಾಯಿಗೂ ಸೆರಗು!

"ಬಾಯಿಲೆ ಹೇಳಬಾರದ್ರಿ ಪಂತುಲಮ್ಮ. ಬರಿಯಾಕ ಏನು ಅಡ್ಡಿ ಐತಿ? ಅದನ್ನ ಮೊದ್ಲ ಕಲಸ್ರಿ," ಎಂದಳು ಮೊಗುಲಮ್ಮ. ಇಲ್ಲಿ ಶಿಕ್ಷಕಿಗೆ ಪಂತುಲಮ್ಮ ಎನ್ನುತ್ತಾರೆ.

ಒಬ್ಬೊಬ್ಬಳ ಗಂಡನ ಹೆಸರನ್ನೂ ಪಕ್ಕದವಳು ನಗುತ್ತ ಹೇಳಿದಳು, ನಾನು ಪಾಟಿಯ ಮೇಲೆ ಬರೆದುಕೊಟ್ಟೆ. ಇಂದು ಮೊಗುಲಮ್ಮ ಗಂಡನ ಹೆಸರನ್ನು ನೋಡದೆಯೇ ಬರೆದು, ಪಾಟಿಯನ್ನು ಎದೆಗೆ ಅವಚಿಕೊಂಡು ಕೂತಳು. ಅ, ಆ ಇನ್ನೂ ಬಾರದು!

ಭಾವನವರೇ, ಇದನ್ನು ಅಕ್ಕನಿಗೆ ಓದಿ ಹೇಳುತ್ತಿರುವವರು ನೀವೇ ಅಲ್ಲವೇ? ನಾಳೆಯೇ ಅವಳಿಗೊಂದು ಪಾಟಿ ತನ್ನಿ. ಮೊದಲ ಪಾಠ ನಿಮ್ಮ ಹೆಸರೇ ಆಗಲಿ.

ನಿಂಗವ್ವ