“ಏನೇನು ಮಾತ್ರೆ ತಗೋತೀರಿ?”

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. “ಇವಳ ಕೈಯೇನು ಬಿದ್ದುಹೋಗಿದೆಯಾ?” ಎಂದು ಬೈದುಕೊಂಡಿರುತ್ತೀಯ, ಗೊತ್ತು. ಬೈಸಿಕೊಳ್ಳುವಂಥದ್ದೇ ಮಾಡಿದ್ದೇನೆ, ಬೈದುಬಿಡು. ಭಾವನ ಮಂಡಿನೋವು ಹೇಗಿದೆ? ಚಿಕ್ಕವಳಿಗೆ ಈಗಲೂ ಕಥೆ ಹೇಳದಿದ್ದರೆ ತುತ್ತು ಇಳಿಯುವುದಿಲ್ಲವಾ? ನಾವಿಲ್ಲಿ ಆರೋಗ್ಯವಾಗಿದ್ದೇವೆ ಎಂದು ಬರೆಯಲು ಹೊರಟೆ, ನಗು ಬಂತು. ನಮ್ಮ ಆರೋಗ್ಯದ ಸಮಾಚಾರ ಈಗ ಇಡೀ ಕಾರ್ಖಾನೆಗೆ ಗೊತ್ತು.

ಹೋದ ತಿಂಗಳು ಒಂದು ನೋಟೀಸು ಅಂಟಿಸಿದರು. ಕ್ರೇನು ನಡೆಸುವವರಿಗೆ, ಅದರ ಕೆಳಗೆ ನಿಲ್ಲುವವರಿಗೆ, ಎಲ್ಲರಿಗೂ ಮೂತ್ರ ಪರೀಕ್ಷೆ. ನಶೆಯ ಪದಾರ್ಥ ಏನಾದರೂ ಮೈಯೊಳಗಿದ್ದರೆ ಗೊತ್ತಾಗಬೇಕಂತೆ. ನಮ್ಮ ಕೆಲಸ ನಿನಗೆ ಗೊತ್ತಲ್ಲ, ಇವರು ಮೇಲೆ ಕ್ಯಾಬಿನ್ನಿನಲ್ಲಿ ಕೂತು ಕ್ರೇನು ನಡೆಸುತ್ತಾರೆ, ನಾನು ಕೆಳಗೆ ನಿಂತು ಎತ್ತು, ಇಳಿಸು, ನಿಲ್ಲಿಸು ಎಂದು ಕೈಸನ್ನೆ ಮಾಡುತ್ತೇನೆ. “ಗಂಡನನ್ನ ಬೆರಳ ತುದೀಲಿ ಕುಣಿಸಿ ಸಂಬಳ ತಗೊಳ್ಳೋಳು ನೀನೊಬ್ಳೇ” ಎಂದು ಭಾವ ರೇಗಿಸುತ್ತಾರಲ್ಲ, ಅದೇ. ಟನ್‌ಗಟ್ಟಲೆ ಕಬ್ಬಿಣ ನನ್ನ ನೆತ್ತಿಯ ಮೇಲೆ ತೂಗಾಡುವಾಗ ಮೇಲೆ ಕೂತವರಿಗೆ ಮೈಮೇಲೆ ಎಚ್ಚರ ಇರಬೇಕು. ಆದ್ದರಿಂದ ಪರೀಕ್ಷೆ ಬೇಡ ಎಂದು ಗಲಾಟೆ ಮಾಡಿದವರ ಜೊತೆ ನಾನು ಸೇರಲಿಲ್ಲ.

ಅದು ಹೇಗೆ ಮಾಡುತ್ತಾರೆ ಎನ್ನುವುದೇ ನನಗೆ ದೊಡ್ಡ ಕುತೂಹಲ. ಕೆದಕಿ ಕೇಳುವ ಚಾಳಿ ನನಗೆ ಹುಟ್ಟಿನಿಂದ ಬಂದದ್ದು, ನಿನಗೆ ಗೊತ್ತಿಲ್ಲದ್ದೇನಲ್ಲ. ಪಾಯಿಖಾನೆಯ ನೀರಿಗೆ ನೀಲಿ ಬಣ್ಣ ಹಾಕಿದ್ದರು, ನಲ್ಲಿಗೆ ಟೇಪು ಸುತ್ತಿದ್ದರು. ಯಾಕೆ ಎಂದು ನರ್ಸನ್ನು ಕೇಳಿದೆ. “ಯಾರೂ ನೀರು ಬೆರೆಸಬಾರದು ಅಂತಮ್ಮ.” ಮೂತ್ರ ಹಿಡಿಯಲು ಕೊಟ್ಟ ಕಪ್ಪಿನ ಹೊಟ್ಟೆಗೆ ಒಂದು ಪಟ್ಟಿ ಬೇರೆ. ಅದು ಬಿಸಿ ನೋಡುತ್ತದಂತೆ, ಮನೆಯಿಂದ ಇನ್ನೊಬ್ಬರದ್ದು ತಂದು ಸುರಿದರೆ ಸಿಕ್ಕಿಬೀಳುತ್ತಾರೆ! “ನೀವು ಬಾಗಿಲ ಹೊರಗೇ ನಿಂತಿರ್ತೀರಾ?” ಎಂದೆ. “ನಿಂತಿರ್ತೀನಿ.” “ಹಾಗಾದ್ರೆ ನಂಗೆ ಬಂದ ಹಾಗೇ ಬಿಡಿ!” ಪಾಪ, ಅವಳೂ ನಕ್ಕಳು.

ಅದಕ್ಕೂ ಮೊದಲು ಒಂದು ಪ್ರಶ್ನೆ ಇತ್ತು. ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಅದನ್ನೂ ನಶೆ ಎಂದುಕೊಂಡಾರು. ಇದಕ್ಕೆ ಕೋಣೆ ಇಲ್ಲ, ಬಾಗಿಲಿಲ್ಲ. ಕ್ಯಾಂಟೀನಿನ ಮೂಲೆಯಲ್ಲಿ ಒಂದು ಬಟ್ಟೆಯ ಪರದೆ ಎಳೆದಿದ್ದರು, ಅಷ್ಟೆ. ಈಚೆ ನಮ್ಮ ಸಾಲು. ನರ್ಸು ಮೆಲ್ಲಗೇ ಕೇಳುತ್ತಿದ್ದಳು. ಆದರೆ ನಮ್ಮ ಕಾರ್ಖಾನೆಯವರಿಗೆಲ್ಲ ವರ್ಷಗಟ್ಟಲೆ ಯಂತ್ರಗಳ ಸದ್ದಿನಲ್ಲಿದ್ದು ಕಿವಿ ಮಂದ. ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳಿಸುತ್ತದೆ! ವೆಲ್ಡರ್ ಒಳಗೆ ಹೋದ. “ಮಲಬದ್ಧತೆಗೆ, ಮೇಡಂ! ದಿನಾ!” ಸಾಲಿಗೆ ಸಾಲೇ ಬಾಯಿಗೆ ಕೈ ಹಿಡಿಯಿತು. ಆಮೇಲೆ ನಮ್ಮ ಮೇಲ್ವಿಚಾರಕರು, ನಾವು ‘ಗಡಿಯಾರ’ ಎನ್ನುತ್ತೇವಲ್ಲ, ಅವರು. “ಕೂದಲು ಬೆಳೆಯೋದಕ್ಕೆ!” ಅವರ ತಲೆ ನೀನು ನೋಡಬೇಕು, ಅಕ್ಕ, ಒಂದು ಎಳೆ ಇಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಒಂದು ಮಾತೂ ತಪ್ಪಬಾರದೆಂದು ನಾನು ಪರದೆಯ ಹತ್ತಿರಕ್ಕೇ ಸರಿದು ನಿಂತೆ.

ಅಷ್ಟರಲ್ಲಿ ಇವರ ಸರದಿ ಬಂತು. “ನಿದ್ದೆ ಮಾತ್ರೆ, ಮೇಡಂ. ಡಾಕ್ಟ್ರೇ ಬರೆದುಕೊಟ್ಟಿರೋದು.”

ಒಂದೇ ಮನೆ, ಒಂದೇ ಹಾಸಿಗೆ, ನನಗೆ ಗೊತ್ತಿಲ್ಲ! ಯಾವ ಡಾಕ್ಟರು? ಯಾವಾಗ ಹೋಗಿದ್ದರು? ಮನೆಗೆ ಬಂದು ಅಟ್ಟ, ಕಪಾಟು, ಅವರ ಅಂಗಿ ಜೇಬು ಎಲ್ಲ ತಡಕಿದೆ. ಮಾತ್ರೆಯ ಒಂದು ಖಾಲಿ ಪಟ್ಟಿಯೂ ಸಿಗಲಿಲ್ಲ.

ನಶೆಗಾರ ಎಂದು ಯಾರೂ ಅನ್ನಲಿಲ್ಲ, ಅದು ಸತ್ಯ. ಆದರೆ ಆ ಮಾತ್ರೆ ನುಂಗುವವರು ಕ್ರೇನು ಹತ್ತುವಂತಿಲ್ಲವಂತೆ. ಈಗ ಸ್ಟೋರಿನಲ್ಲಿ ಕೂತು ಬೋಲ್ಟು ಎಣಿಸುತ್ತಾರೆ. “ಬೆನ್ನು ನೋವು ಅಂದೆ, ಕೆಳಗೆ ಹಾಕಿದ್ರು” ಎಂದು ನನ್ನ ಮುಂದೆ ಹೇಳಿದರು. ನರ್ಸಿಗೆ ತಾವು ಮೆಲ್ಲಗೇ ಹೇಳಿದೆವು ಎಂದುಕೊಂಡಿದ್ದಾರೆ, ಅಕ್ಕ! ಸಾಲಿನಲ್ಲಿದ್ದವರೆಲ್ಲರಿಗೂ ಗೊತ್ತು. ಆ ಬಾಯಿಬಡುಕ ವೆಲ್ಡರ್ ಕೂಡ ಇವರನ್ನು ಕಂಡರೆ ಬೆನ್ನು ಹೇಗಿದೆ ಎಂದು ಕೇಳುತ್ತಾನೆ. “ಪರವಾಗಿಲ್ಲಪ್ಪ” ಎನ್ನುತ್ತಾರೆ ಇವರು.

ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದು. ನಿಯಮ ಸರಿ ಎನ್ನುತ್ತೇನೆ, ಕೆಳಗೆ ನಿಲ್ಲುವವಳು ನಾನೇ ಅಲ್ಲವಾ? ಆದರೆ ಒಬ್ಬ ಮನುಷ್ಯನ ನಿದ್ದೆಯ ವಿಷಯ ಕೇಳುವುದಕ್ಕೆ ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಬಾಗಿಲಿರುವ ಒಂದು ಕೋಣೆ ಸಿಗಲಿಲ್ಲವಾ? ಕಿವಿ ಕೊಟ್ಟು ನಿಂತಿದ್ದ ನನಗೇನು ಕಮ್ಮಿ ಬಯ್ಯಬೇಕಾ? ಇವರು ಅಲ್ಲಿಗೆ ಫೋನು ಮಾಡಿದರೆ ನೀನು ಏನೂ ಗೊತ್ತಿಲ್ಲದವಳ ಹಾಗಿರು. ನನಗೂ ದಿನವಿಡೀ ಹಾಗೇ ಇದ್ದು ಸಾಕಾಗಿದೆ.

ಭಾವನಿಗೆ ನಮಸ್ಕಾರ ತಿಳಿಸು. ಚಿಕ್ಕವಳ ಎರಡೂ ಕೆನ್ನೆಗೆ ನನ್ನ ಮುತ್ತು, ಚೆನ್ನಾಗಿ ಓದಿ ನೂರು ಕಾಲ ಬಾಳಲಿ. ನೀನು ಮೈ ಹುಷಾರು.

ನಿನ್ನ ಪ್ರೀತಿಯ
ತಂಗಿ

ಇನ್ನೊಂದು ಮಾತು: ಮಾತ್ರೆ ಯಾಕೆ ಎಂದು ನೀನು ಕೇಳೇ ಕೇಳುತ್ತೀಯ. ಮೇಲೆ ಬರೆಯಲು ಕೈ ಬರಲಿಲ್ಲ. ನರ್ಸು ಅದನ್ನೂ ಕೇಳಿದಳು. “ಕೆಳಗೆ ನನ್ ಹೆಂಡ್ತಿ ನಿಂತಿರ್ತಾಳೆ, ಮೇಡಂ. ಒಂದ್ಸಲ ಸರಪಳಿ ಜಾರಿ ಅವಳ ಪಕ್ಕದಲ್ಲೇ ಕಂಬಿ ಬಿತ್ತು. ಅವತ್ತಿಂದ ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ. ನಿದ್ದೆಗೆಟ್ಟು ಬಂದ್ರೆ ಕೈ ನಡುಗುತ್ತೆ. ಆ ಕೆಲಸ ಅಂದ್ರೆ ಅವಳಿಗೆ ಪ್ರಾಣ, ಬಿಟ್ಬಿಡು ಅಂತ ಹೆಂಗೆ ಹೇಳ್ಲಿ?” ಎಂದರು. ಸಾಲಿನವರೆಲ್ಲ ತಿರುಗಿ ನನ್ನನ್ನೇ ನೋಡಿದರು. ಮಾರನೇ ದಿನ ಮೇಲ್ವಿಚಾರಕರ ಹತ್ತಿರ ಹೋಗಿ, ನನ್ನನ್ನು ಪ್ಯಾಕಿಂಗಿಗೆ ಹಾಕಿ, ಅವರನ್ನು ಮತ್ತೆ ಕ್ರೇನಿಗೆ ಹತ್ತಿಸಿ ಎಂದು ಬೇಡಿಕೊಂಡೆ. “ಈಗ ಬಂದು ಹೇಳಿದ್ರೆ ಹೇಗಮ್ಮ? ಮಾತ್ರೆ ವಿಷಯ ಆಫೀಸಿಗೆ ಹೋಗಿ ಆಯ್ತಲ್ಲ” ಎಂದರು. ಆ ನರ್ಸಿಗೆ ಹೇಳಿದ್ದರಲ್ಲಿ ಅರ್ಧವನ್ನಾದರೂ ನನಗೆ ಹೇಳಿದ್ದರೆ ಅವತ್ತೇ ಆ ಕೆಲಸ ಬಿಡುತ್ತಿದ್ದೆ. ಬಿಡುತ್ತಿದ್ದೆ ಅಲ್ಲವಾ, ಅಕ್ಕ? ನೀನು ನನ್ನನ್ನು ಚಿಕ್ಕಂದಿನಿಂದ ನೋಡಿದ್ದೀಯ, ನಿಜ ಹೇಳು.