ಚಾಕು ಸೋಕದ ಹಾಳೆಗಳು

೧೨ ಮೇ ೧೮೬೮, ಮಂಗಳವಾರ

ಮೈಯೆಲ್ಲ ಉರಿಯುತ್ತಿದೆ. ಪಾದ್ರಿ ಥರ್ಲೋ ಮನೆಗೆ ಚಹಾಕ್ಕೆ ಹೋಗಿದ್ದೆ. ವರ್ಷಗಟ್ಟಲೆ ಕೂತು ನಾನು ಗ್ರೀಕ್‌ನಿಂದ ಅನುವಾದಿಸಿದ ನಾಟಕಗಳು ಅವನ ಕಪಾಟಿನಲ್ಲಿದ್ದವು. ತೆಗೆದು ನೋಡಿದರೆ, ಹಾಳೆಗಳ ಅಂಚು ಅಚ್ಚಿನ ಮನೆಯಿಂದ ಬಂದಂತೆ ಕೂಡಿಕೊಂಡೇ ಇವೆ. ಬಿಡಿಸಿ ಓದಲು ಚಾಕುವನ್ನೇ ಸೋಕಿಸಿಲ್ಲ ಮಹಾನುಭಾವ! ಪಕ್ಕದಲ್ಲೇ, ಜ್ವರದಲ್ಲಿ ಮಲಗಿದ್ದಾಗ ಬೇಸರ ಕಳೆಯಲು ನಾನು ಗೀಚಿದ ಮೀನು ಹಿಡಿಯುವ ಪುಸ್ತಕ. ಹೊಳೆಯ ಕೆಸರು ಮೆತ್ತಿ, ಓದಿ ಓದಿ ಜೀರ್ಣವಾಗಿದೆ.

"ಇದು ನನಗೆ ಬಾಯಿಪಾಠ ಕಣಯ್ಯ. ನಿನ್ನ ಗ್ರೀಕರಿಗೆ ಒಂದು ಟ್ರೌಟ್ ಮೀನಾದ್ರೂ ಹಿಡಿಯೋಕೆ ಬರ್ತಿತ್ತಾ?" ಎಂದು ನಕ್ಕ.

ಮನೆಗೆ ಬಂದವನೇ, ಅವನು ಕೊಟ್ಟಿದ್ದ ಅವನದೇ ಪ್ರವಚನಗಳ ಪುಸ್ತಕವನ್ನು ಬೆಂಕಿಗೆ ಹಾಕಲೆಂದು ತೆಗೆದೆ. ಅದರ ಹಾಳೆಗಳನ್ನು ನಾನೂ ಬಿಡಿಸಿಲ್ಲ. ಆದರೆ ಅದು ಬೇರೆ ಮಾತು. ಭಾನುವಾರ ಭಾನುವಾರ ಚರ್ಚಿನಲ್ಲಿ ಕೂತು, ಕಣ್ಣು ಮುಚ್ಚದೆ, ಅವನ್ನೆಲ್ಲ ಕೇಳಿಸಿಕೊಳ್ಳುತ್ತೇನಲ್ಲ!